ಒದೆತ ಹೊರುವ ಲಗ್ ಬದಲಿಸಿದ್ದು

ಅಜ್ಜನಿಂದ ಬಂದ .30-06 ಅಳತೆಯ, ಹಿಂದಿನ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವ ರೈಫಲ್ ನನ್ನ ಪರವಾನಗಿಗೆ ಸೇರಿದಾಗಿನಿಂದ ಒಂದೇ ಕೊರಗು: ಗುಂಡುಗಳು ಒಂದೆಡೆ ಬೀಳುತ್ತಿರಲಿಲ್ಲ. ದುರ್ಬೀನು ಬದಲಿಸಿದೆ, ಮದ್ದು ಬದಲಿಸಿದೆ. ಪ್ರಯೋಜನವಾಗಲಿಲ್ಲ.

ಬಸವನಗುಡಿಯ ಮನೆಯಲ್ಲಿ, ತೋಟಾ ಕೂರುವ ಚೇಂಬರ್ ಖಾಲಿಯಿದೆಯೆಂದು ಎರಡು ಸಲ ನೋಡಿ, ಹೆಗಲಿಗೆ ಆನಿಸುವ ಮರದ ಸ್ಟಾಕ್‌ನ ತಿರುಪುಗಳನ್ನು ಬಿಚ್ಚಿದೆ. ಗುಂಡು ಹಾರುವಾಗಿನ ಒದೆತ ಹೊರುವ ಲೋಹದ ತುಂಡಾದ ರಿಕಾಯಿಲ್ ಲಗ್‌ನ ಹಿಂಬದಿಯ ಎಡ ಅಂಚು ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಬಲಭಾಗದ ಕಪ್ಪು ಹಾಗೆಯೇ ಇತ್ತು. ಒದೆತವನ್ನು ಮರಕ್ಕೆ ದಾಟಿಸಬೇಕಾದ ತುಂಡು ಓರೆಯಾಗಿ ಕುಳಿತಿತ್ತು, ಆ ಭಾರವೆಲ್ಲ ತಿರುಪುಗಳ ಮೇಲೆ ಬೀಳುತ್ತಿತ್ತು.

ಮುಂದಿನದು ಮನೆಯಲ್ಲಿ ಮಾಡುವ ಕೆಲಸವಲ್ಲ. ಈ ಲಗ್ ಬ್ಯಾರೆಲ್ ಮತ್ತು ಬೋಲ್ಟ್ ಓಡಾಡುವ ರಿಸೀವರ್ ನಡುವೆ ಸಿಕ್ಕಿಕೊಂಡಿರುವುದರಿಂದ ಬ್ಯಾರೆಲನ್ನೇ ಬಿಚ್ಚಬೇಕು. ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿಗೆ ಒಯ್ದೆ. ಅವರು ಎರಡೂ ಮುಖ ಸಮಾನಾಂತರವಾಗಿ ಸಾಣೆ ಹಿಡಿದ ಹೊಸ ಲಗ್ ಕೂರಿಸಿದರು. ಅದು ಹಳೆಯದಕ್ಕಿಂತ ದಪ್ಪವಾದರೆ ಬ್ಯಾರೆಲ್ ಮುಂದೆ ಸರಿದು, ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾ ಆನುವ ಜಾಗಕ್ಕೂ ನಡುವಿನ ಅಂತರವಾದ ಹೆಡ್‌ಸ್ಪೇಸ್ ಹೆಚ್ಚುತ್ತದೆ, ಅದು ಪ್ರಾಣಾಪಾಯ. ಆ ಅಂತರದ ಕನಿಷ್ಠ ಅಳತೆಯ 'ಗೋ' ಗೇಜಿಗೆ ಬೋಲ್ಟ್ ಮುಚ್ಚಿತು, ಅದಕ್ಕಿಂತ ಉದ್ದದ 'ನೋ-ಗೋ'ಗೆ ಮುಚ್ಚಲಿಲ್ಲ. ಅದನ್ನು ನನ್ನ ಕೈಯಿಂದಲೇ ಮಾಡಿಸಿ ತೋರಿಸಿದರು, ಆಗಲೇ ಜೀವಕ್ಕೆ ಸಮಾಧಾನ.

ಕೊನೆಗೆ ಸ್ಟಾಕ್‌ನ ಲಗ್ ಕೂರುವ ಗೂಡಿಗೆ ಗಟ್ಟಿಯಾಗುವ ಅಂಟಾದ ಎಪಾಕ್ಸಿ ತುಂಬಿದರು. ಲಗ್‌ನ ಮುಂದೆ, ಪಕ್ಕ, ಕೆಳಗೆ ಟೇಪ್ ಅಂಟಿಸಿ, ಹಿಂಬದಿಯನ್ನು ಮಾತ್ರ ಬಿಟ್ಟಿದ್ದರು, ಅಲ್ಲಷ್ಟೇ ಪೂರ್ತಿ ತಾಗಬೇಕೆಂದು. ಲೋಹಕ್ಕೆ ಮೇಣ ಸವರುವುದನ್ನು ಮರೆತರೆ ಲೋಹ, ಮರ ಶಾಶ್ವತವಾಗಿ ಅಂಟಿಕೊಳ್ಳುತ್ತವೆ.

ಮುಂದಿನ ಭಾನುವಾರ ರೇಂಜ್‌ನಲ್ಲಿ ಐದು ಗುಂಡು ಹೊಡೆದೆ. ಐದೂ ತೂತುಗಳನ್ನು ಅಂಗೈಯಿಂದ ಮುಚ್ಚಬಹುದಿತ್ತು.