ಮಿಲಾನ್‌ಗೆ ಮಕ್ಕಳ ಮನೆಗೆ ಹೋದರೆ ವರೆನ್ನಾಗೆ ಒಂದು ಇಡೀ ದಿನ ಕೊಡಿ

ಮಗಳು ಇಟಲಿಯ ಮಿಲಾನ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾವಿಬ್ಬರೂ ಎರಡು ಸಲ ಅಲ್ಲಿಗೆ ಹೋಗಿ ಬಂದೆವು. ಮೊದಲು ಏಪ್ರಿಲ್-ಮೇ, ಆಮೇಲೆ ಒಂದು ಸೆಪ್ಟೆಂಬರ್. ಆ ಎರಡು ಪ್ರವಾಸದಲ್ಲಿ ಕೊಮೊ ಸರೋವರದ ದಡದ ವರೆನ್ನಾ ಅನ್ನುವ ಪುಟ್ಟ ಊರಿಗೆ ಒಟ್ಟು ನಾಲ್ಕು ಸಲ ಹೋದೆವು. ಈಗ ನಮ್ಮೂರು ಸಾಗರದಿಂದ ಮಕ್ಕಳ ಮನೆಗೆ ಹೊರಟ ಗೆಳತಿಯರೆಲ್ಲ ಫೋನ್ ಮಾಡಿ, ಹೆಂಗೆ ಹೋಗೋದು, ಏನು ನೋಡೋದು ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ನಮ್ಮ ಯಜಮಾನರಿಗೆ ಎಡ ಮಂಡಿ ನೋವು. ಇದನ್ನೆಲ್ಲ ಇಟ್ಟುಕೊಂಡೇ ಈ ದಾರಿ ಹೇಳುತ್ತಿದ್ದೇನೆ.

ಮೊದಲ ಮಾತು: ಒಂದೇ ದಿನದಲ್ಲಿ ಮೂರು ಊರು ನೋಡಲು ಹೋಗಬೇಡಿ. ಮೊದಲ ಸಲ ನಾವು ವರೆನ್ನಾ, ಬೆಲ್ಲಾಜಿಯೊ, ಮೆನಾಜ್ಜೊ ಮೂರನ್ನೂ ಮುಗಿಸಬೇಕು ಅಂತ ಹೊರಟೆವು. ದೋಣಿಯ ಸಾಲಲ್ಲೇ ಅರ್ಧ ದಿನ ಹೋಯಿತು. ರಾತ್ರಿ ಮನೆಗೆ ಬಂದು ಯೋಚಿಸಿದರೆ ಯಾವ ಊರೂ ಸರಿಯಾಗಿ ಕಣ್ಣ ಮುಂದೆ ಬರಲಿಲ್ಲ. ಎರಡನೇ ಸಲ ವರೆನ್ನಾದಲ್ಲೇ ಬೆಳಗಿನಿಂದ ಸಂಜೆವರೆಗೆ ಇದ್ದೆವು. ಆಗ ಗೊತ್ತಾಯಿತು ಆ ಊರಿನ ರುಚಿ.

ಕೊಮೊ ಸರೋವರ ಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿದೆ. ಒಂದು ಪಾದದ ಹತ್ತಿರ ಕೊಮೊ ನಗರ, ಇನ್ನೊಂದರ ಹತ್ತಿರ ಲೆಕ್ಕೊ. ಎರಡು ಕಾಲು ಕೂಡುವ ಜಾಗದಲ್ಲಿ ಬೆಲ್ಲಾಜಿಯೊ. ಅದರ ಎದುರಿಗೆ, ಪೂರ್ವ ದಡದಲ್ಲಿ ವರೆನ್ನಾ. ಹಿಮನದಿಗಳು ಕೊರೆದ ಕಣಿವೆ ಇದು. ಆಳ 400 ಮೀಟರಿಗೂ ಜಾಸ್ತಿ.

ರೈಲು ಹತ್ತುವುದು ಮಿಲಾನೊ ಚೆಂತ್ರಾಲೆ ನಿಲ್ದಾಣದಲ್ಲಿ. ಬೋರ್ಡಿನಲ್ಲಿ ವರೆನ್ನಾ ಹೆಸರು ಹುಡುಕಬೇಡಿ, ಸಿಗುವುದಿಲ್ಲ. ಆ ರೈಲು ಕೊನೆಗೆ ಮುಟ್ಟುವ ಊರು ತಿರಾನೊ, ಬೋರ್ಡಿನಲ್ಲಿ ಇರುವುದು ಅದೇ ಹೆಸರು. ನೀವು ಇಳಿಯುವ ನಿಲ್ದಾಣದ ಹೆಸರೂ ಉದ್ದ: ವರೆನ್ನಾ-ಎಸಿನೊ-ಪೆರ್ಲೆದೊ. ಸುಮಾರು ಒಂದು ಗಂಟೆ ಐದು ನಿಮಿಷದ ದಾರಿ. ಹೋಗಿ ಬರುವ ಎರಡೂ ಟಿಕೆಟನ್ನು ಮಿಲಾನ್‌ನಲ್ಲೇ ತಗೊಂಡುಬಿಡಿ. ವರೆನ್ನಾ ನಿಲ್ದಾಣ ತೀರಾ ಚಿಕ್ಕದು, ಸಂಜೆ ಅಲ್ಲಿ ಟಿಕೆಟಿಗೆ ಪರದಾಡುವುದು ಬೇಡ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದೊಳಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಿ. ಮರೆತರೆ ದಂಡ.

ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಲೆಕ್ಕೊ ದಾಟಿದ ಮೇಲೆ ರೈಲು ಸರೋವರದ ಅಂಚಿಗೇ ಬರುತ್ತದೆ. ಒಂದರ ಹಿಂದೆ ಒಂದು ಸುರಂಗ. ಕತ್ತಲೆ, ಆಮೇಲೆ ಒಂದು ತುಂಡು ನೀಲಿ ನೀರು, ಮತ್ತೆ ಕತ್ತಲೆ. ಯಜಮಾನರು ಪ್ರತಿ ಸುರಂಗದಲ್ಲೂ ಮೊಬೈಲ್ ಕೆಳಗಿಳಿಸಿ, ಬೆಳಕು ಬಂದ ಕೂಡಲೇ ಎತ್ತುತ್ತಿದ್ದರು. ಅಷ್ಟರಲ್ಲಿ ಮುಂದಿನ ಸುರಂಗ. ಫೋಟೊ ಆಸೆ ಬಿಟ್ಟು ಸುಮ್ನೆ ನೋಡಿ.

ಬೆಳಿಗ್ಗೆ ತುಂಬಾ ಬೇಗ ಹೋಗುವ ಅಗತ್ಯ ಇಲ್ಲ. ಊರು ಪೂರ್ವ ದಡದಲ್ಲಿದೆ, ಬೆನ್ನಿಗೆ ದೊಡ್ಡ ಬೆಟ್ಟ. ಹಾಗಾಗಿ ಸೂರ್ಯ ಬೆಟ್ಟ ಹತ್ತಿ ಬರುವವರೆಗೂ ಊರು ನೆರಳಲ್ಲೇ ಇರುತ್ತದೆ, ಎದುರು ದಡ ಮಾತ್ರ ಹೊಳೆಯುತ್ತದೆ. ಸಂಜೆ ಇದು ತಿರುಗುಮುರುಗು. ಪಶ್ಚಿಮದ ಬಿಸಿಲು ನೇರವಾಗಿ ವರೆನ್ನಾದ ಹಳದಿ, ಕೇಸರಿ ಗೋಡೆಗಳ ಮೇಲೆ ಬೀಳುತ್ತದೆ. ಹತ್ತು ಗಂಟೆ ಹೊತ್ತಿಗೆ ಮುಟ್ಟಿ, ಸೂರ್ಯ ಮುಳುಗುವವರೆಗೆ ಇರಿ.

ಈಗ ಮಂಡಿ ವಿಷಯ. ಊರೆಲ್ಲ ಮೆಟ್ಟಿಲು. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅಲ್ವಾ? ನಾವು ಮೊದಲ ಸಲ ರಸ್ತೆಯಲ್ಲಿ ನಡೆದು ಮೇಲಿನ ಚೌಕಕ್ಕೆ ಹೋಗಿ, ಅಲ್ಲಿಂದ ಮೆಟ್ಟಿಲು ಇಳಿದೆವು. ಇವರಿಗೆ ಪ್ರತಿ ಮೆಟ್ಟಿಲಿಗೂ ನೋವು. ಅದಕ್ಕೆ ಈಗ ತಿರುಗಿಸಿ ಹೇಳುತ್ತೇನೆ. ನಿಲ್ದಾಣದಿಂದ ರಸ್ತೆಯ ಇಳಿಜಾರಿನಲ್ಲೇ ನಿಧಾನಕ್ಕೆ ದೋಣಿಕಟ್ಟೆಗೆ ಇಳಿಯಿರಿ. ಅಲ್ಲಿಂದ ನೀರಿನ ಪಕ್ಕದ ಕಾಲುದಾರಿ ಹಿಡಿಯಿರಿ. ಪ್ರೇಮಿಗಳ ನಡಿಗೆ ಅಂತ ಅದರ ಹೆಸರು. ಬಂಡೆಗೆ ಅಂಟಿಸಿದ ಹಾಗೆ ಕಟ್ಟಿದ್ದಾರೆ. ಕೆಂಪು ಬಣ್ಣದ ಕಬ್ಬಿಣದ ಕಂಬಿ, ಕಾಲ ಕೆಳಗೆ ನೀರಿನ ಸದ್ದು. ಏಪ್ರಿಲ್ ಕೊನೆಗೆ ನೇರಳೆ ಹೂವಿನ ಗೊಂಚಲು ತಲೆ ಮೇಲೆ ತೂಗುತ್ತಿತ್ತು. ಈ ದಾರಿ ಮುಗಿಯುವುದು ಹಳೆ ದೋಣಿಗಟ್ಟದಲ್ಲಿ. ಅಲ್ಲಿ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು, ಆಮೇಲೆ ಓಣಿಯ ಮೆಟ್ಟಿಲು ಹತ್ತಿ ಸಾನ್ ಜೋರ್ಜೊ ಚೌಕಕ್ಕೆ ಹೋಗಿ. ವಾಪಸ್ ಬರುವಾಗ ಡಾಂಬರು ರಸ್ತೆ. ಮೆಟ್ಟಿಲಿಗೆ ಉರುಟು ಕಲ್ಲು ಹಾಸಿದ್ದಾರೆ, ಮಳೆ ಬಿದ್ದರೆ ಜಾರುತ್ತದೆ. ರಬ್ಬರ್ ಅಟ್ಟೆಯ ಬೂಟು ಹಾಕಿಕೊಳ್ಳಿ. ಸೀರೆ ಉಡುವವರಾದರೆ ಸ್ವಲ್ಪ ಮೇಲೆ ಉಡಿ. ನಾನು ಹಾಗೇ ಮಾಡಿದ್ದು.

ಚೌಕದಲ್ಲಿ ಸಾನ್ ಜೋರ್ಜೊ ಚರ್ಚು ಇದೆ. ಅದರ ಮುಂಗೋಡೆಯಲ್ಲಿ ಸಂತ ಕ್ರಿಸ್ಟೋಫರನ ದೊಡ್ಡ ಚಿತ್ರ. ಪ್ರಯಾಣಿಕರನ್ನು ಕಾಯುವ ಸಂತ ಅವನು. ಮಾಸಿದೆ, ಆದರೆ ಆಳೆತ್ತರ ಗೊತ್ತಾಗುತ್ತದೆ. ಒಳಗೆ ಕಾಲಿಟ್ಟರೆ ತಂಪು. ನೆಲದ ಕಪ್ಪು ಕಲ್ಲು ಇದೇ ಊರಿನ ಗಣಿಯದು. ಹತ್ತು ನಿಮಿಷ ಸಾಕು.

ಚೌಕದಿಂದ ಎರಡು ಹೆಜ್ಜೆ ಹೋದರೆ ವಿಲ್ಲಾ ಮೊನಾಸ್ತೆರೊ. ಏನು ಬಿಟ್ಟರೂ ಇದನ್ನು ಬಿಡಬೇಡಿ. ಟಿಕೆಟ್ ತಗೋಬೇಕು. 12ನೇ ಶತಮಾನದ ಕೊನೆಯಲ್ಲಿ ಇದು ಸನ್ಯಾಸಿನಿಯರ ಮಠ, ಆಮೇಲೆ ಶ್ರೀಮಂತರ ಮನೆ. ಈಗ ಮ್ಯೂಸಿಯಂ ಮತ್ತು ತೋಟ. ತೋಟ ಸರೋವರದ ಉದ್ದಕ್ಕೂ ಅಗಲ ಕಮ್ಮಿಯ ಪಟ್ಟಿಯ ಹಾಗೆ ಹರಡಿದೆ. ಹೆಚ್ಚು ಏರಿಳಿತ ಇಲ್ಲ, ಇವರೂ ಆರಾಮಾಗಿ ನಡೆದರು. ನಿಂಬೆ, ತಾಳೆ ಜಾತಿಯ ಮರ, ಭೂತಾಳೆ, ಕಣಗಿಲೆ ಎಲ್ಲ ಬೆಳೆದಿವೆ. 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆಲ್ಪ್ಸ್ ಬುಡದಲ್ಲಿ ಕಣಗಿಲೆಯೇ ಅಂತ ನನಗೆ ಆಶ್ಚರ್ಯ. ಕಾರಣ ಆ ನೀರು. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಬೇಸಿಗೆಯ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲದಲ್ಲಿ ದಡಕ್ಕೆ ಬಿಟ್ಟುಕೊಡುತ್ತದೆ. ಒಂಬತ್ತನೇ ಕ್ಲಾಸಿಗೆ ವಿಶಿಷ್ಟ ಉಷ್ಣ ಪಾಠ ಮಾಡುವಾಗ ಇದನ್ನು ನೋಡಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ಆದರೆ ನಾನು ಅಲ್ಲಿಗೆ ಮತ್ತೆ ಮತ್ತೆ ಹೋದದ್ದು ಬೇರೆ ಕಾರಣಕ್ಕೆ. ಇಟಲಿಯ ಭೌತಶಾಸ್ತ್ರ ಸಂಘ 1953ರಿಂದ ಇಲ್ಲಿ ಬೇಸಿಗೆ ಶಾಲೆ ನಡೆಸುತ್ತಿದೆ. 1954ರ ಬೇಸಿಗೆಯಲ್ಲಿ ಎನ್ರಿಕೊ ಫರ್ಮಿ ಇಲ್ಲಿಗೆ ಬಂದು ಪಾಠ ಮಾಡಿದರು. ಷಿಕಾಗೊದಲ್ಲಿ 1942ರಲ್ಲಿ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿದ ಫರ್ಮಿ. ಅವರ ಹೆಂಡತಿ ಯಹೂದಿ. ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಾಗ, 1938ರಲ್ಲಿ ನೊಬೆಲ್ ಪ್ರಶಸ್ತಿ ತಗೊಳ್ಳಲು ಹೋದವರು ಅಲ್ಲಿಂದಲೇ ಅಮೆರಿಕಕ್ಕೆ ಹೊರಟುಬಿಟ್ಟರು. 1954ರ ಆ ಬೇಸಿಗೆ ಇಲ್ಲಿ ಪಾಠ ಮಾಡಿ ಹೋದವರು ಅದೇ ವರ್ಷ ನವೆಂಬರ್ 28ಕ್ಕೆ ತೀರಿಕೊಂಡರು. 53 ವರ್ಷ ಅಷ್ಟೇ. ಶಾಲೆಗೆ ಈಗ ಅವರದೇ ಹೆಸರು. ವರ್ಷಗಟ್ಟಲೆ ಕಪ್ಪು ಹಲಗೆ ಮೇಲೆ ಅವರ ಹೆಸರು ಬರೆದವಳು ನಾನು. ತೋಟದ ಕಲ್ಲಿನ ಕಟ್ಟೆ ಮೇಲೆ ಕೂತಾಗ, ಅವರೂ ಈ ನೀರನ್ನೇ ನೋಡಿರಬೇಕು ಅನ್ನಿಸಿ ಕಣ್ಣು ತುಂಬಿತು. ಈ ವಿಷಯ ತಿಳಿದುಕೊಂಡು ಒಳಗೆ ಹೋಗಿ. ಮಕ್ಕಳಿದ್ದರೆ ಅವರಿಗೂ ಹೇಳಿ.

ಊಟಕ್ಕೆ ಎರಡು ಗಂಟೆ ಒಳಗೆ ಕೂತುಬಿಡಿ. ಎರಡೂವರೆ ಆದರೆ ಸುಮಾರು ಕಡೆ ಅಡುಗೆಮನೆ ಮುಚ್ಚುತ್ತಾರೆ, ಮತ್ತೆ ಸಂಜೆಗೇ ತೆಗೆಯುವುದು. ಇಲ್ಲಿಯ ವಿಶೇಷ ಅಂದರೆ ಒಣಗಿಸಿ, ಲಾರೆಲ್ ಎಲೆ ಜೊತೆ ಅದುಮಿಟ್ಟ ಸರೋವರದ ಮೀನು. ಮಿಸ್ಸೊಲ್ತೀನಿ ಅನ್ನುತ್ತಾರೆ. ತಿನ್ನುವವರು ತಿಂದು ನೋಡಿ. ನಮಗೆ ಒಗ್ಗಿದ್ದು ಪಿತ್ಸೊಕ್ಕೆರಿ. ಪಕ್ಕದ ವಾಲ್ತೆಲ್ಲಿನಾ ಕಣಿವೆಯ ತಿಂಡಿ. ಬಕ್‌ವೀಟ್ ಹಿಟ್ಟಿನ ಕಂದು ಪಟ್ಟಿ, ಆಲೂಗಡ್ಡೆ, ಕೋಸು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ, ಚೀಸ್. ಹೊಟ್ಟೆಗೆ ಭಾರ. ಇಬ್ಬರಿಗೆ ಒಂದು ತಟ್ಟೆ ಸಾಕು. ಕೇಳುವಾಗ "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಅನ್ನಿ. ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ತಿಳಿದಿರಬೇಕು: ಅಲ್ಲಿನ ಬಹಳಷ್ಟು ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವಿನಿಂದ. ನಮ್ಮತ್ತಿಗೆ ಬಂದಾಗ ಅವರಿಗೆ ಟೊಮೆಟೊ ಸಾರಿನ ಪಾಸ್ತಾ ಹೇಳಿ, ಮೇಲೆ ಚೀಸ್ ಉದುರಿಸಬೇಡಿ ಅಂದೆವು. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೊ ಇರುತ್ತದೆ. ಕೂತದ್ದಕ್ಕೆ ಅದು, ಎಲ್ಲ ಕಡೆ ಇದ್ದದ್ದೇ. ಬುತ್ತಿ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು. ಎರಡು ಸಲ ಚಪಾತಿ, ಚಟ್ನಿಪುಡಿ ಒಯ್ದು ದೋಣಿಗಟ್ಟದ ಬೆಂಚಿನ ಮೇಲೆ ತಿಂದೆವು.

ಕಾಫಿ ಕೇಳುವಾಗ ಬರೀ "ಲಾತ್ತೆ" ಅನ್ನಬೇಡಿ. ಇವರು ಹಾಗೆ ಕೇಳಿದ್ದಕ್ಕೆ ಒಂದು ಲೋಟ ಹಾಲು ತಂದಿಟ್ಟರು. ಲಾತ್ತೆ ಅಂದರೆ ಹಾಲು. "ಕಾಫೆ ಲಾತ್ತೆ" ಅನ್ನಿ, ನಮ್ಮ ಕಾಫಿಗೆ ಹತ್ತಿರ ಇರುತ್ತದೆ. ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ.

ಈ ಪದ ಗೊತ್ತಾಯಿತಲ್ಲ, ಈಗ ಫಿಯುಮೆಲಾತ್ತೆಗೆ ಹೋಗೋಣ. ಫಿಯುಮೆ ಅಂದರೆ ಹೊಳೆ. ಹಾಲುಹೊಳೆ! ಊರಿನ ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರ್. ಈ ಹೊಳೆಯ ಒಟ್ಟು ಉದ್ದ 250 ಮೀಟರ್ ಅಷ್ಟೇ. ಬೆಟ್ಟದ ಹೊಟ್ಟೆಯಲ್ಲಿ ಒಂದು ಗುಹೆಯಿಂದ ಧುಮುಕಿ, ಕಲ್ಲುಗಳಿಗೆ ಬಡಿದು ಬೆಳ್ಳಗೆ ನೊರೆಯಾಗಿ, ನೇರ ಸರೋವರಕ್ಕೆ ಸೇರುತ್ತದೆ. ವರ್ಷವಿಡೀ ಹರಿಯುವುದಿಲ್ಲ. ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ನಿಲ್ಲುತ್ತದೆ. ಆ ಎರಡೂ ಹೊತ್ತಿಗೆ ಮೇರಿಮಾತೆಯ ಹಬ್ಬ ಬರುವುದರಿಂದ ಇಬ್ಬರು ಮಡೊನ್ನಾಗಳ ಹೊಳೆ ಅಂತಲೂ ಕರೆಯುತ್ತಾರೆ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಮೇಲಿನ ಬೆಟ್ಟ ಸುಣ್ಣಕಲ್ಲಿನದು. ಮಳೆ ಮತ್ತು ಕರಗಿದ ಹಿಮದ ನೀರು ಬಿರುಕುಗಳಲ್ಲಿ ಇಂಗಿ ಒಳಗಿನ ಗುಹೆಗಳಲ್ಲಿ ಸೇರುತ್ತದೆ. ಒಂದು ಮಟ್ಟ ಮುಟ್ಟಿದ ಮೇಲೆ ಇಲ್ಲಿ ಉಕ್ಕಿ ಹೊರಬರುತ್ತದೆ. ಮಟ್ಟ ಇಳಿದರೆ ಹೊಳೆ ಬತ್ತುತ್ತದೆ. ನಾವು ಮೇ ಮೊದಲ ವಾರ ನೋಡಿದಾಗ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಬಗ್ಗಿ ಕೈಯಿಟ್ಟೆ. ಬಳೆ ಕೂಡ ತಣ್ಣಗಾಗಿ ಮಣಿಕಟ್ಟು ಜೋಮು ಹಿಡಿಯಿತು. ಅಂಗೈಯಲ್ಲಿ ತಗೊಂಡರೆ ಹಾಲಲ್ಲ, ಗಾಜಿನಂಥ ನೀರು. ಬಿಳಿ ಬಣ್ಣ ಬರೀ ಗಾಳಿ ಗುಳ್ಳೆಗಳದು. ಸ್ಮಶಾನದ ಹತ್ತಿರದಿಂದ ಮೇಲೆ ಗುಹೆಯ ಬಾಯಿವರೆಗೆ ಕಾಲುದಾರಿ ಇದೆ, ಮಗಳು ಹೋಗಿ ಬಂದಳು. ನಾವು ಕೆಳಗೇ ನಿಂತು ನೋಡಿದೆವು.

ವೆಜಿಯೊ ಕೋಟೆ ಕಾಲು ಗಟ್ಟಿ ಇರುವವರಿಗೆ. ಆಲಿವ್ ಮರಗಳ ನಡುವೆ ಅರ್ಧ ಗಂಟೆ ಕಡಿದಾದ ಏರು. ಲೊಂಬಾರ್ಡರ ರಾಣಿ ತೆಯೊದೊಲಿಂದಾ ಕಟ್ಟಿಸಿದ್ದು ಅನ್ನುವುದು ಅಲ್ಲಿನ ನಂಬಿಕೆ. ಗಿಡುಗಗಳನ್ನು ಸಾಕಿದ್ದಾರೆ. ಬಿಳಿ ಬಟ್ಟೆ ಹೊದ್ದ ದೆವ್ವಗಳ ಹಾಗೆ ಗೊಂಬೆಗಳನ್ನು ಕೂರಿಸಿದ್ದಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮಳೆ ಬಂದರೂ ತೆಗೆಯುವುದಿಲ್ಲ. ಹೊರಡುವ ಮೊದಲು ವಿಚಾರಿಸಿ.

ದೋಣಿಯಲ್ಲಿ ಒಮ್ಮೆಯಾದರೂ ಹೋಗಲೇಬೇಕು ಅನ್ನಿಸಿದರೆ ಮಧ್ಯಾಹ್ನ ಮೂರರ ಮೇಲೆ ಬೆಲ್ಲಾಜಿಯೊಗೆ ಹೋಗಿ, ಒಂದು ಸುತ್ತು ಹಾಕಿ ಬನ್ನಿ. 15 ನಿಮಿಷದ ದಾರಿ. ಕಾರುಗಳನ್ನೂ ಸಾಗಿಸುವ ದೊಡ್ಡ ದೋಣಿಯನ್ನೇ ಹತ್ತಿ. ಅದರ ಕಬ್ಬಿಣದ ಬಾಗಿಲು ದಡಕ್ಕೆ ಬಿದ್ದ ಸದ್ದು ಕೇಳಿ ನನಗೆ ಸಿಗಂದೂರು ಲಾಂಚ್ ನೆನಪಾಯಿತು. ಮೇಲಿನ ಅಟ್ಟದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಹಿಮದ ಬೆಟ್ಟ ಕಾಣುತ್ತದೆ. ಆದರೆ ಗಾಳಿ! ಬೆಳಿಗ್ಗೆ ಉತ್ತರದಿಂದ ಬೀಸುವ ಗಾಳಿಗೆ ತಿವಾನೊ, ಮಧ್ಯಾಹ್ನ ದಕ್ಷಿಣದಿಂದ ಬರುವುದಕ್ಕೆ ಬ್ರೇವಾ ಅನ್ನುತ್ತಾರೆ. ಬ್ರೇವಾ ಬಂತು ಅಂದರೆ ಸೆರಗು ನಿಲ್ಲುವುದಿಲ್ಲ. ಪಿನ್ ಇರಲಿ, ಶಾಲೂ ಇರಲಿ.

ಆರು ಗಂಟೆ ಹೊತ್ತಿಗೆ ಹಗಲಿನ ಜನ ಖಾಲಿಯಾಗುತ್ತಾರೆ. ಆಗ ಹಳೆ ದೋಣಿಗಟ್ಟಕ್ಕೆ ಮತ್ತೆ ಬನ್ನಿ. ಸೆಪ್ಟೆಂಬರಿನಲ್ಲಿ ಹಾಗೆ ಕೂತಿದ್ದಾಗ ಒಬ್ಬ ಅಜ್ಜಿ ಮೇಲಿನ ಮನೆಯ ಕಿಟಕಿ ತೆರೆದು ಒಣಗಿದ ಬಟ್ಟೆ ಒಳಗೆ ಎಳೆದುಕೊಂಡರು. ಗೋಡೆಯೆಲ್ಲ ಹೊಂಬಣ್ಣ. ನಮ್ಮನ್ನು ನೋಡಿ "ಬುವೊನಾ ಸೆರಾ" ಅಂದರು, ನಾವೂ ಅಂದೆವು.

ಭಾನುವಾರ ಮಾತ್ರ ಹೋಗಬೇಡಿ. ಸಂಜೆ ರೈಲು ಕಿಕ್ಕಿರಿದಿರುತ್ತದೆ, ಒಮ್ಮೆ ಮಿಲಾನ್‌ವರೆಗೂ ನಿಂತೇ ಬಂದೆವು. ವಾರದ ನಡುವೆ ಹೋದರೆ ಸೀಟು ಸಿಗುತ್ತದೆ. ನಿಲ್ದಾಣಕ್ಕೆ ಹೋಗುವಾಗ ಏರು ಇದೆ, ಇಪ್ಪತ್ತು ನಿಮಿಷ ಮೊದಲೇ ಹೊರಡಿ. ವಾಪಸ್ ಬರುವಾಗ ಬಲಗಡೆ ಕಿಟಕಿ. ಎದುರು ದಡದ ದೀಪಗಳು ಮೊದಲ ಸುರಂಗದವರೆಗೂ ಕಾಣುತ್ತವೆ.