ತರಂಗ ಎಷ್ಟು ಖಾಲಿ ಇದೆ? ನಿಮ್ಮ ತಾರಸಿಯಲ್ಲೇ ಅಳೆಯಿರಿ

2022ರ 5ಜಿ ಹರಾಜಿನಲ್ಲಿ ಕಂಪನಿಗಳು ರೇಡಿಯೊ ತರಂಗಕ್ಕೆ ಕೂಗಿದ ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಅಷ್ಟು ದುಬಾರಿ ವಸ್ತು ನಿಜಕ್ಕೂ ಎಷ್ಟು ಬಳಕೆಯಾಗುತ್ತಿದೆ? 2005ರಲ್ಲಿ ಅಮೆರಿಕದ ಷಿಕಾಗೊದಲ್ಲಿ 30 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗೆ ಅಳೆದಾಗ ಸಿಕ್ಕ ಉತ್ತರ ಬರೀ 17.4%. ನಮ್ಮ ಬೀದಿಯಲ್ಲಿ ಎಷ್ಟು ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ.

ಒಂದು ಲ್ಯಾಪ್‌ಟಾಪ್, ಅದಕ್ಕೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು. ಪೆನ್‌ಡ್ರೈವ್‌ನಷ್ಟೇ ಇರುವ ಈ ಡಾಂಗಲ್ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ನಾವು ಅಳೆಯುವುದು ಸಿಗ್ನಲ್‌ನ ಶಕ್ತಿಯನ್ನು, ಮಾತನ್ನಲ್ಲ. ಬೇರೆಯವರ ಮಾತು ಕದ್ದು ಕೇಳುವುದು ತಪ್ಪು.

ಎಫ್‌ಎಂನಿಂದ ಶುರು ಮಾಡಿ: 88ರಿಂದ 108 ಮೆಗಾಹರ್ಟ್ಸ್. ಆಂಟೆನಾದ ಕಡ್ಡಿಯನ್ನು ಸುಮಾರು 75 ಸೆಂಟಿಮೀಟರ್ ಉದ್ದಕ್ಕೆ ಎಳೆದು, ತಾರಸಿಯಲ್ಲಿ ನೀರಿನ ಟ್ಯಾಂಕು, ಕಬ್ಬಿಣದ ಸರಳುಗಳಿಂದ ದೂರ ನಿಲ್ಲಿಸಿ. ‘ಆರ್‌ಟಿಎಲ್ ಪವರ್’ ಎಂಬ ಉಚಿತ ತಂತ್ರಾಂಶಕ್ಕೆ ಈ ವ್ಯಾಪ್ತಿ ಕೊಟ್ಟು, 10 ಸೆಕೆಂಡಿನ ಸರಾಸರಿಗೆ ಒಂದು ಅಳತೆಯಂತೆ 24 ಗಂಟೆ ಓಡಿಸಿ. ಗೇನ್, ಅಂದರೆ ರಿಸೀವರ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದು, ಆಟೊಮ್ಯಾಟಿಕ್ ಇರಬಾರದು, ಒಂದೇ ಮಟ್ಟದಲ್ಲಿ ಕಟ್ಟಿಹಾಕಿ. ಇಲ್ಲದಿದ್ದರೆ ಬೆಳಿಗ್ಗೆಯ ಅಳತೆಗೂ ರಾತ್ರಿಯದಕ್ಕೂ ಹೋಲಿಕೆಯೇ ಸಾಧ್ಯವಿಲ್ಲ.

ಈಗ ಬರುವುದು ಇಡೀ ಕೆಲಸದ ಜೀವಾಳ: ಗೆರೆ ಎಲ್ಲಿ ಎಳೆಯಬೇಕು, ಅಂದರೆ ಶಕ್ತಿ ಯಾವ ಮಟ್ಟ ದಾಟಿದರೆ ತರಂಗ ಬಳಕೆಯಲ್ಲಿದೆ ಎನ್ನಬೇಕು? ಏನೂ ಪ್ರಸಾರ ಇಲ್ಲದಾಗಲೂ ರಿಸೀವರ್‌ನಲ್ಲಿ ಸಣ್ಣ ಗದ್ದಲ ಇದ್ದೇ ಇರುತ್ತದೆ. ಆಂಟೆನಾ ಕಳಚಿ, ಆ ಜಾಗಕ್ಕೆ 50 ಓಮ್ ಟರ್ಮಿನೇಟರ್ (ಹೊರಗಿನ ಸಿಗ್ನಲ್ ಬಾರದಂತೆ ತುದಿ ಮುಚ್ಚುವ ಪುಟ್ಟ ಬಿರಡೆ) ಹಾಕಿ ಆ ಗದ್ದಲವನ್ನು ಮೊದಲು ಅಳೆದುಕೊಳ್ಳಿ. ಅದಕ್ಕಿಂತ 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಜಾಸ್ತಿ ಇದ್ದರೆ ಮಾತ್ರ ‘ಬಳಕೆಯಲ್ಲಿದೆ’ ಎಂದು ಲೆಕ್ಕ ಹಿಡಿಯಿರಿ. ಗೆರೆಯನ್ನು 3 ಡೆಸಿಬಲ್‌ಗೆ ಇಳಿಸಿದರೆ ಗದ್ದಲವೇ ಬಳಕೆಯಂತೆ ಕಾಣುತ್ತದೆ. ತೀರಾ ಏರಿಸಿದರೆ ದೂರದ ಸಣ್ಣ ನಿಲ್ದಾಣ ಕಳೆದೇಹೋಗುತ್ತದೆ.

ನನ್ನ ಮೊದಲ ಅಳತೆಯಲ್ಲಿ ಸಂಜೆ ಆರೂಕಾಲಿಗೆ ಇಡೀ ಬ್ಯಾಂಡ್, ಅಂದರೆ ಅಳೆಯುತ್ತಿದ್ದ ಪೂರ್ತಿ ವ್ಯಾಪ್ತಿಯ ಶಕ್ತಿ, ಒಮ್ಮೆಲೇ ಮೇಲೆದ್ದಿತ್ತು. ಊರೆಲ್ಲ ಮಾತಾಡಲು ಶುರು ಮಾಡಿದೆ ಅಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಪರದೆ ನೋಡುತ್ತ ಕೂತಾಗ ಗೊತ್ತಾಯಿತು, ಅದು ಮೆಟ್ಟಿಲ ಮೇಲಿನ ಎಲ್‌ಇಡಿ ಬಲ್ಬು ಹೊಮ್ಮಿಸುತ್ತಿದ್ದ ರೇಡಿಯೊ ಗದ್ದಲ. ಸ್ವಿಚ್ ಆರಿಸಿದ ಕೂಡಲೇ ಶಕ್ತಿಯ ಮಟ್ಟ ಕೆಳಗಿಳಿಯಿತು. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲು ಮನೆಯ ಬಲ್ಬು, ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ.

ಲೆಕ್ಕ ಸುಲಭ. ದಿನಕ್ಕೆ 8,640 ಅಳತೆಗಳು ಸಿಗುತ್ತವೆ. ಒಂದು ಚಾನೆಲ್ (ಬ್ಯಾಂಡಿನ ಒಂದು ಸಣ್ಣ ತುಂಡು) 2,160 ಸಲ ಗೆರೆ ದಾಟಿದ್ದರೆ ಅದರ ಬಳಕೆ 25%. ಎಲ್ಲ ಚಾನೆಲ್‌ಗಳ ಸರಾಸರಿ ತೆಗೆದರೆ ಬ್ಯಾಂಡಿನ ಬಳಕೆ ಸಿಗುತ್ತದೆ.

ಆದರೆ ಆ ಅಂಕಿಯನ್ನು ಹಾಗೇ ನಂಬಬೇಡಿ. ಬೆಂಗಳೂರಿನಲ್ಲಿ 91.1, 91.9, 92.7, 93.5, 94.3 ಎಂದು ನಿಲ್ದಾಣಗಳು ಸಾಲಾಗಿ ನಿಂತಿವೆ. ನಡುವಿನ ಅಂತರ 0.8 ಮೆಗಾಹರ್ಟ್ಸ್. ಅಲ್ಲಿನ ಒಂದಷ್ಟು ಜಾಗ ಖಾಲಿ ಎಂದು ನಿಮ್ಮ ಲೆಕ್ಕ ಹೇಳುತ್ತದೆ. ಒಂದು ನಿಲ್ದಾಣ ಇನ್ನೊಂದರ ಮೇಲೆ ಹರಿಯದಿರಲಿ ಎಂದು ಬಿಟ್ಟ ಜಾಗ ಅದು, ಎರಡು ಮನೆಗಳ ನಡುವಿನ ಓಣಿಯ ಹಾಗೆ.

ಎಫ್‌ಎಂ ಕೈಗೆ ಹತ್ತಿದ ಮೇಲೆ 118ರಿಂದ 137 ಮೆಗಾಹರ್ಟ್ಸ್‌ನ ವಿಮಾನ ಬ್ಯಾಂಡ್ ಅಳೆಯಿರಿ. ಕಡ್ಡಿಯನ್ನು 59 ಸೆಂಟಿಮೀಟರ್‌ಗೆ ಇಳಿಸಿ. ಪೈಲಟ್ ಮಾತಾಡುವುದು ಮೂರು-ನಾಲ್ಕು ಸೆಕೆಂಡು. ಹತ್ತು ಸೆಕೆಂಡಿನ ಸರಾಸರಿಯಲ್ಲಿ ಅದು ಕರಗಿಹೋಗಬಹುದು. ಇಲ್ಲಿ 1 ಸೆಕೆಂಡಿಗೊಂದು ಅಳತೆ ಇಡಿ. ಇಷ್ಟಾದರೂ ಬಳಕೆ ತುಂಬ ಕಡಿಮೆ ಬರುತ್ತದೆ. 121.5 ಮೆಗಾಹರ್ಟ್ಸ್‌ನಲ್ಲಂತೂ ಹೆಚ್ಚೂಕಡಿಮೆ ಸೊನ್ನೆ. ಅದು ವಿಮಾನಗಳ ತುರ್ತು ಕರೆಯ ಚಾನೆಲ್, ಖಾಲಿ ಇರಬೇಕಾದದ್ದೇ ಅಲ್ವಾ?

ಕೊನೆಗೆ, ಶೇಕಡಾ ಅಂಕಿಯ ಪಕ್ಕದಲ್ಲೇ ಜಾಗ, ದಿನಾಂಕ, ಆಂಟೆನಾ, ಗೇನ್, ಗೆರೆಯ ಮಟ್ಟ, ಎಷ್ಟು ಸೆಕೆಂಡಿಗೊಮ್ಮೆ ಅಳೆದಿರಿ ಎಂಬುದನ್ನು ಬರೆದಿಡಿ. ಮುಂದಿನ ಭಾನುವಾರ ಇದನ್ನೇ ಮತ್ತೆ ಅಳೆಯುವಾಗ ಬೇಕಾಗುತ್ತದೆ.