ಮಾಜಿ ಸೈನಿಕರು ಕುಡಿತ ಬಿಡುವಾಗ ಜೊತೆಗಿರುವುದು ಹೇಗೆ?

ವರ್ಷಗಟ್ಟಲೆ ದಿನಾ ಕುಡಿದವರಿಗೆ ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೊನೆಯ ಪೆಗ್ ಆಗಿ 2-3 ದಿನದೊಳಗೆ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯ, ಹಾಗಾಗಿ ಡಾಕ್ಟರ್ ನಿಗಾದಲ್ಲೇ ಬಿಡಿಸಿ. ಎಷ್ಟೋ ಮಂದಿ ಕುಡಿಯುವುದೇ ನಿದ್ದೆಗಾಗಿ, ಅಲ್ವಾ? ರಾತ್ರಿ ಬೆಚ್ಚಿಬಿದ್ದರೆ ಮೈ ಮುಟ್ಟಿ ಅಲುಗಾಡಿಸಬೇಡಿ. ಬಾಗಿಲ ಹತ್ತಿರವೇ ನಿಂತು, ಲೈಟ್ ಹಾಕಿ, ಹೆಸರು ಹಿಡಿದು ಮೆಲ್ಲಗೆ ಕರೆಯಿರಿ, "ಮನೆಯಲ್ಲಿದ್ದೀರಿ, ಏನೂ ಆಗಿಲ್ಲ" ಅನ್ನಿ. ಯುದ್ಧದ ನೆನಪು ಕಾಡುತ್ತಿದ್ದರೆ ಅದಕ್ಕೂ ಚಟಕ್ಕೂ ಒಟ್ಟಿಗೇ ಚಿಕಿತ್ಸೆ ಕೇಳಿ. "ಸೈನಿಕರಾಗಿ ಇಷ್ಟೂ ಆಗಲ್ವಾ" ಅನ್ನುವ ಮಾತು ಬೇಡವೇ ಬೇಡ, ಸಹಾಯ ಕೇಳುವುದೇ ಅವರಿಗೆ ಜಾಸ್ತಿ ಕಷ್ಟ. ಚಟ ಬಿಟ್ಟ ಇನ್ನೊಬ್ಬ ಮಾಜಿ ಸೈನಿಕರ ಜೊತೆ ಮಾತಾಡಿಸಿ. ಮತ್ತೆ ಕುಡಿದರೆ ಕೂಗಾಡದೆ, ಮರುದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.